ತಿಪ್ಪೆಯೊಳಗಿನ ಚರಿತ್ರೆ

ತಿಪ್ಪೆ ಕೆದಕುವ ಕೆಲಸವನ್ನು ನಮ್ಮ ಕಡೆ ಕೋಳಿಗಳಿಗೆ ಬಿಟ್ಟಿದ್ದೇವೆ. ಇಂಗ್ಲೆಂಡಿನಲ್ಲಿ ಅದನ್ನು ನಿವೃತ್ತರಾದ ಗೃಹಸ್ಥರು ಮಾಡುತ್ತಾರೆ. ನೂರು, ನೂರೈವತ್ತು ವರ್ಷಗಳ ಹಿಂದೆ ಊರಿನ ಕಸ ಸುರಿದ ಹೊಂಡಗಳು ಎಲ್ಲಿದ್ದವೆಂದು ಹಳೆಯ ನಕ್ಷೆಗಳಲ್ಲಿ ಹುಡುಕಿ, ಜಮೀನಿನ ಯಜಮಾನನ ಅಪ್ಪಣೆ ಪಡೆದು, ಗುದ್ದಲಿ ಸಲಿಕೆ ಹಿಡಿದು ಆಳುದ್ದ ಅಗೆಯುತ್ತಾರೆ. ಒಡೆಯದೆ ಉಳಿದ ಬಾಟಲಿಗಳನ್ನು ಮನೆಗೆ ತಂದು, ತೊಳೆದು, ನಮ್ಮಲ್ಲಿ ದಸರೆಯ ಗೊಂಬೆ ಕೂರಿಸುವ ಹಾಗೆ ಸಾಲಾಗಿ ಜೋಡಿಸುತ್ತಾರೆ. ಅಮೆರಿಕದವರು ಇವರನ್ನೂ ಮೀರಿಸಿದವರು. ಹಳೆಯ ಮನೆಗಳ ಹಿತ್ತಿಲಲ್ಲಿದ್ದ ಕಕ್ಕಸಿನ ಗುಂಡಿಗಳನ್ನೇ ಅಗೆಯುತ್ತಾರೆ. ಮೂಗು ಮುಚ್ಚಿಕೊಳ್ಳಬೇಡಿ. ನೂರು ವರ್ಷ ಕಳೆದರೆ ಅದೂ ಮಣ್ಣೇ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವಳು. ವರ್ಷ ವರ್ಷವೂ 'ಚರಿತ್ರೆಯ ಆಧಾರಗಳು' ಎಂಬ ಪಾಠದಲ್ಲಿ ಶಾಸನ, ನಾಣ್ಯ, ಸ್ಮಾರಕ, ಗ್ರಂಥ, ಪ್ರವಾಸಿಗರ ಬರಹ ಎಂದು ಹೇಳಿಕೊಟ್ಟು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಆ ಪಟ್ಟಿಯಲ್ಲಿ ಕಸ ಇಲ್ಲ. ಹೆಂಗಸರೂ ಅಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಶಾಸನ ಹಾಕಿಸಿದ ರಾಣಿ, ಗುಡಿಗೆ ದೀಪ ಬಿಟ್ಟ ಒಬ್ಬ ಸೂಳೆ, ಗಂಡನ ಜೊತೆ ಚಿತೆ ಏರಿದವಳು, ಇಷ್ಟೇ. ಬಡವರ ಮನೆಯ ಬಾಣಂತಿ ಏನು ಕುಡಿದಳು, ಕೂಸಿಗೆ ಏನು ಕುಡಿಸಿದಳು ಎಂಬುದನ್ನು ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ?

2017ರಲ್ಲಿ ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡು ಮಗಳ ಬಾಣಂತನಕ್ಕೆ ಇಂಗ್ಲೆಂಡಿನ ಶೆಫೀಲ್ಡಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಒಬ್ಬರಿದ್ದರು. ಅವರ ಇಂಗ್ಲಿಷು ನನಗೆ ಅರ್ಧ, ನನ್ನದು ಅವರಿಗೆ ಅರ್ಧ. ಉಳಿದರ್ಧವನ್ನು ಮಗಳು ತುಂಬಿಕೊಡುತ್ತಿದ್ದಳು. ನಾನು ಚರಿತ್ರೆಯ ಮೇಡಂ ಎಂದು ತಿಳಿದದ್ದೇ ತಡ, ಹಿತ್ತಿಲಿನ ಶೆಡ್ಡಿಗೆ ಕರೆದೊಯ್ದರು. ಮೂರು ಗೋಡೆಗೂ ಬಾಟಲಿ. ನೀಲಿ, ಕಂದು, ತಿಳಿ ಹಸಿರು. ಜೊತೆಗೆ ಶುಂಠಿ ಪಾನಕ ತುಂಬುತ್ತಿದ್ದ ಮಣ್ಣಿನ ಜಾಡಿಗಳು.

ಅಷ್ಟು ಗಾಜು ಅಲ್ಲಿಯ ನೆಲದೊಳಗೆ ಸೇರಿದ್ದಕ್ಕೆ ಕಾರಣಗಳಿವೆ. 1745ರಿಂದ ನೂರು ವರ್ಷ ಅಲ್ಲಿ ಗಾಜಿಗೆ ಸುಂಕವಿತ್ತು. 1845ರಲ್ಲಿ ಅದನ್ನು ತೆಗೆದುಹಾಕಿದ ಮೇಲೆ ಬಾಟಲಿ ಅಗ್ಗವಾಯಿತು. ಔಷಧಿ, ಸಾಸು, ಶಾಯಿ, ಸೋಡಾ ಎಲ್ಲವೂ ಬಾಟಲಿಯಲ್ಲಿ ಬರತೊಡಗಿದವು. ಎರಡನೆಯದು ಕಲ್ಲಿದ್ದಲು. ಮನೆಮನೆಯಲ್ಲೂ ಕಲ್ಲಿದ್ದಲಿನ ಒಲೆ, ದಿನಕ್ಕೊಂದು ಬುಟ್ಟಿ ಬೂದಿ. ಡಸ್ಟ್‌ಬಿನ್ ಎಂಬ ಪದದಲ್ಲಿರುವ ಡಸ್ಟ್ ಮೊದಲಿಗೆ ಧೂಳಲ್ಲ, ಈ ಬೂದಿ. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ನಂತರ ಊರಾಡಳಿತಗಳು ಕಸವನ್ನು ಗಾಡಿಗಳಲ್ಲಿ ಸಾಗಿಸಿ ಹಳೆಯ ಕಲ್ಲುಕ್ವಾರಿಗಳಿಗೆ, ಇಟ್ಟಿಗೆಮಣ್ಣು ತೆಗೆದ ಹೊಂಡಗಳಿಗೆ, ಜೌಗುನೆಲಕ್ಕೆ ಸುರಿಸಿದವು. ಲಂಡನ್ನಿನ ಕಸ ದೋಣಿಗಳಲ್ಲಿ ಥೇಮ್ಸ್ ನದಿಯ ಮೇಲೆ ಎಸೆಕ್ಸ್ ಸೀಮೆಗೆ ಹೋಗುತ್ತಿತ್ತು. ಬೂದಿಯೊಳಗೆ ಬಿದ್ದ ಗಾಜು ಹತ್ತಿಯೊಳಗಿಟ್ಟ ಹಾಗೆ ಉಳಿಯಿತು. ಅಗೆಯುವವರು ಇಂದಿಗೂ ಬೂದಿಯ ಪದರವನ್ನೇ ಹುಡುಕುತ್ತಾರೆ. ಇದು ಅಪಾಯವಿಲ್ಲದ ಆಟವೇನಲ್ಲ. ಬೂದಿಯ ಗೋಡೆ ಮೇಲೆ ಕುಸಿದು ಜೀವ ಕಳೆದುಕೊಂಡವರೂ ಇದ್ದಾರೆ.

ಶೆಡ್ಡಿನಲ್ಲಿ ನನಗೆ ಮೊದಲು ಗುರುತು ಸಿಕ್ಕಿದ್ದು ಕತ್ತು ಹಿಸುಕಿದಂತಿರುವ, ಒಳಗೆ ಗೋಲಿ ಇರುವ ಬಾಟಲಿ. "ಇದು ನಮ್ಮ ಗೋಲಿಸೋಡಾ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಬಳ್ಳಾರಿ ಕಡೆಯವಳಿಗೆ ಬೇಸಿಗೆಯಲ್ಲಿ ಅದಕ್ಕಿಂತ ಪ್ರಿಯವಾದದ್ದು ಇನ್ನೇನಿದೆ? ಲಂಡನ್ನಿನ ಹೈರಮ್ ಕಾಡ್ ಎಂಬಾತ 1870ರ ದಶಕದ ಆರಂಭದಲ್ಲಿ ಪೇಟೆಂಟು ಪಡೆದ ಬಾಟಲಿ ಇದು. ತಲೆಕೆಳಗು ಮಾಡಿ ಸೋಡಾ ತುಂಬಿದರೆ ಗೋಲಿ ಜಾರಿ ಬಾಯಿಗೆ ಬರುತ್ತದೆ; ಒಳಗಿನ ಗ್ಯಾಸಿನ ಒತ್ತಡ ಅದನ್ನು ರಬ್ಬರಿನ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಹೆಬ್ಬೆರಳಲ್ಲೋ ಮರದ ಬಿರಡೆಯಲ್ಲೋ ಒತ್ತಿದರೆ 'ಟಪ್'. ಕುಡಿಯುವಾಗ ಗೋಲಿ ಬಾಯಿಗೆ ಅಡ್ಡ ಬರದಂತೆ ಕತ್ತಿನಲ್ಲಿ ಎರಡು ತಗ್ಗು. ಶೆಫೀಲ್ಡಿಗೆ ಹತ್ತಿರದ ಬಾರ್ನ್ಸ್‌ಲಿಯಲ್ಲಿ ಇವು ರಾಶಿರಾಶಿಯಾಗಿ ತಯಾರಾಗುತ್ತಿದ್ದವು. ಆದರೂ ಇಡೀ ಬಾಟಲಿ ಸಿಗುವುದು ಕಷ್ಟವಂತೆ. ಗೋಲಿಯ ಆಸೆಗೆ ಹುಡುಗರೇ ಒಡೆದು ಹಾಕುತ್ತಿದ್ದರು. ಅಲ್ಲಿಯ ಹುಡುಗರೂ ನಮ್ಮವರ ಹಾಗೆಯೇ! ಅವರಿಗೆ ಪ್ರಾಚ್ಯವಸ್ತುವಾದದ್ದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ನಿಂಬೆಹಣ್ಣು ಉಪ್ಪಿನ ಜೊತೆ ಸಿಗುತ್ತದೆ ಎಂದಾಗ ಅಜ್ಜನವರು ನಂಬಲೇ ಇಲ್ಲ.

ನಾನು ಹೇಳಬೇಕೆಂದು ಕುಳಿತದ್ದು ಇನ್ನೊಂದು ಬಾಟಲಿಯ ವಿಷಯ. ಅಂಗೈಯಗಲ, ಆಮೆಯ ಹಾಗೆ ಚಪ್ಪಟೆ, ಪಕ್ಕಕ್ಕೆ ಒಂದು ಕುತ್ತಿಗೆ. ಮೈಮೇಲೆ ಉಬ್ಬಕ್ಷರ. ಇದು ಕೂಸಿಗೆ ಹಾಲು ಕುಡಿಸುವ ಬಾಟಲಿ ಎಂದಾಗ ಕೈಯಲ್ಲೆತ್ತಿ ನೋಡಿದೆ. ಬಾಯಿಗೆ ಮುಚ್ಚಳ, ಮುಚ್ಚಳದಿಂದ ಮೊಳದಷ್ಟು ಉದ್ದದ ರಬ್ಬರಿನ ನಳಿಕೆ, ನಳಿಕೆಯ ತುದಿಗೆ ತೊಟ್ಟು. ಬಾಟಲಿಯನ್ನು ತೊಟ್ಟಿಲಲ್ಲಿಟ್ಟು ತೊಟ್ಟನ್ನು ಕೂಸಿನ ಬಾಯಿಗಿಟ್ಟರೆ ಕೂಸು ತಾನೇ ಚೀಪಿಕೊಳ್ಳುತ್ತದೆ, ತಾಯಿಯ ಕೈ ಕೆಲಸಕ್ಕೆ ಬಿಡುವಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇವು ಭರದಿಂದ ಮಾರಾಟವಾದವು. ರಾಜಕುಮಾರಿ ಅಲೆಕ್ಸಾಂಡ್ರಾಳ ಹೆಸರಿನದೊಂದು, 'ಮಮ್ಮಾ' ಎಂಬ ಹೆಸರಿನದೊಂದು.

ಆ ಉದ್ದನೆಯ ನಳಿಕೆಯನ್ನು ಒಳಗಿನಿಂದ ತೊಳೆಯುವ ದಾರಿಯೇ ಇರಲಿಲ್ಲ. ಹಾಲು ಒಳಗೇ ಹುಳಿಯುತ್ತಿತ್ತು. ಇಸಬೆಲ್ಲಾ ಬೀಟನ್ ಎಂಬಾಕೆಯ ಗೃಹಕೃತ್ಯದ ಪುಸ್ತಕ 1861ರಲ್ಲಿ ಬಂತು. ಅಲ್ಲಿಯ ಮಧ್ಯಮವರ್ಗದ ಹೆಂಗಸರಿಗೆ ಅದೇ ವೇದ. ಹಾಲಿನ ಬಾಟಲಿಯ ತೊಟ್ಟನ್ನು ಒಮ್ಮೆ ಕಟ್ಟಿದರೆ ಹದಿನೈದು ದಿನ ಬಿಚ್ಚಬೇಕಾದ್ದಿಲ್ಲ ಎಂದು ಆಕೆ ಬರೆದಿದ್ದಾಳೆ. ಓದಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಆಕೆಯ ಬಾಳು ತಿಳಿಯಿತು. ಪುಸ್ತಕ ಬಂದಾಗ ಆಕೆಗೆ ಇಪ್ಪತ್ತೈದು. ಮೊದಲ ಮಗು ಅದಾಗಲೇ ಮೂರು ತಿಂಗಳಿಗೆ ತೀರಿಕೊಂಡಿತ್ತು, ಎರಡನೆಯದು 1862ರ ಕೊನೆಯಲ್ಲಿ ಹೋಯಿತು. 1865ರಲ್ಲಿ ನಾಲ್ಕನೆಯ ಹೆರಿಗೆಯ ನಂಜಿನಿಂದ ಇಪ್ಪತ್ತೆಂಟರ ಪ್ರಾಯದಲ್ಲಿ ಆಕೆಯೇ ತೀರಿಕೊಂಡಳು. ಕಣ್ಣಿಗೆ ಕಾಣದ ಕ್ರಿಮಿಯಿಂದ ರೋಗ ಬರುತ್ತದೆಂಬುದು ಆಗ ಡಾಕ್ಟರುಗಳಿಗೇ ನೆಟ್ಟಗೆ ಗೊತ್ತಿರಲಿಲ್ಲ. ಬೈಯುವುದು ಯಾರನ್ನು?

ಗೊತ್ತಾದ ಮೇಲೂ ಅಂಗಡಿಯವರು ಮಾರಿದರು, ಅದಕ್ಕೆ ಬೈಯಬೇಕು. ವೈದ್ಯರೇ ಖಂಡಿಸಿದ ಈ ಬಾಟಲಿಗೆ ಕೊಲೆಗಾರ ಬಾಟಲಿ ಎಂಬ ಹೆಸರು ಉಳಿದಿದೆ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. ಎಲ್ಲಕ್ಕೂ ಬಾಟಲಿಯೇ ಕಾರಣವಲ್ಲ ಎನ್ನಿ; ಹೊಲಸು ನೀರಿತ್ತು, ಕೆಟ್ಟ ಹಾಲಿತ್ತು, ಇಕ್ಕಟ್ಟಿನ ಮನೆಗಳಿದ್ದವು. ಫ್ರಾನ್ಸ್ 1910ರಲ್ಲಿ ನಳಿಕೆಯ ಬಾಟಲಿಯನ್ನು ಕಾಯಿದೆ ಮಾಡಿ ನಿಷೇಧಿಸಿತು. ಎರಡೂ ತುದಿ ತೆರೆದ, ದೋಣಿಯಾಕಾರದ, ಬೆರಳು ಹಾಕಿ ತೊಳೆಯಬಹುದಾದ ಬಾಟಲಿ ಆ ಹೊತ್ತಿಗೆ ಬಂದಿತ್ತು.

ನಾನು ಮೊಮ್ಮಗುವಿಗೆಂದು ಊರಿನಿಂದ ಬೆಳ್ಳಿಯ ಒಳಲೆ ತೆಗೆದುಕೊಂಡು ಹೋಗಿದ್ದೆ. ಮೂತಿ ಇರುವ ಪುಟ್ಟ ಬಟ್ಟಲು, ಅಷ್ಟೇ. ಮೂಲೆಯಿಲ್ಲ, ಸಂದಿಯಿಲ್ಲ. ನಮ್ಮ ಅಜ್ಜಿಯಂದಿರಿಗೂ ಕ್ರಿಮಿಯ ವಿಷಯ ಗೊತ್ತಿರಲಿಲ್ಲ. ನಮ್ಮಲ್ಲೂ ಕೂಸುಗಳು ಕಡಿಮೆಯೇನೂ ಸಾಯಲಿಲ್ಲ. ಆದರೂ ಬೂದಿ ಹುಣಿಸೆಹಣ್ಣು ಹಾಕಿ ಬೆಳಗಿದರೆ ಒಳಲೆ ಹೊಳೆಯುತ್ತಿತ್ತು.

ಅಜ್ಜನವರು ನೆನಪಿಗೆ ಒಂದು ಬಾಟಲಿ ಆರಿಸಿಕೊಳ್ಳಿ ಎಂದಾಗ ನಾನು ಇದನ್ನೇ ಕೇಳಿದೆ. ಮಗಳಿಗೆ ಹಿಡಿಸಲಿಲ್ಲ. "ಅಮ್ಮಾ, ಎಳೇ ಕೂಸಿರೋ ಮನೇಲಿ ಅದನ್ನ ಇಡಬೇಡ" ಎಂದಳು. ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಹಾಕಿದೆ. ರಬ್ಬರು ಮಣ್ಣಿನಲ್ಲಿ ಉಳಿಯುವುದಿಲ್ಲ. ಊರಿಗೆ ಬಂದು ಮೆಡಿಕಲ್ ಶಾಪಿನಲ್ಲಿ ಒಂದು ನಳಿಕೆ ಕೊಂಡು ಸಿಕ್ಕಿಸಿ ಒಂಬತ್ತನೇ ಕ್ಲಾಸಿನಲ್ಲಿ ತೋರಿಸಿದೆ. ಗಂಡುಹುಡುಗರು ಇದಕ್ಕೆ ರೇಟೆಷ್ಟು ಎಂದು ಕೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮನೆಯಲ್ಲಿ ತಮ್ಮನನ್ನು ಸಾಕಿದವಳಿರಬೇಕು, "ಮಿಸ್, ಪೈಪಿನೊಳಗೆ ಹೆಂಗ್ ತೊಳೀತಿದ್ರು?" ಎಂದಳು.

ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಸ್ಪಿನ್ನಿಂಗ್ ಜೆನ್ನಿ, ಜೇಮ್ಸ್ ವಾಟ್, ಉಗಿಯಂತ್ರ ಬರುತ್ತವೆ. ಗಿರಣಿಗೆ ಹೋದ ತಾಯಿಯ ಕೂಸು ದಿನವಿಡೀ ಏನು ಮಾಡುತ್ತಿತ್ತು ಎಂಬುದು ಬರುವುದಿಲ್ಲ. ಕಸದ ಗುಂಡಿಯಲ್ಲಿ ಉತ್ತರವಿದೆ. ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಔಷಧಿ ಅಲ್ಲಿ ಮನೆಮಾತಾಗಿತ್ತು: ಬೆಲ್ಲದಂಥ ಪಾಕದಲ್ಲಿ ಅಫೀಮು. ಎರಡು ಚಮಚ ಹಾಕಿದರೆ ಕೂಸು ಅಳದೆ ಮಲಗುತ್ತಿತ್ತು. ಹಸಿವೂ ಆಗದೆ ಸೊರಗಿ, ಕೆಲವು ಏಳುತ್ತಲೇ ಇರಲಿಲ್ಲ. ಅಮೆರಿಕದಲ್ಲಿ ಮಿಸೆಸ್ ವಿನ್‌ಸ್ಲೋ ಹೆಸರಿನ ಸಿರಪ್ಪಿನಲ್ಲಿ ಮಾರ್ಫೀನ್ ಇತ್ತು. ಒಳಗೇನಿದೆಯೆಂದು ಚೀಟಿಯ ಮೇಲೆ ಬರೆಯಲೇಬೇಕೆಂದು ಅಲ್ಲಿ ಕಾಯಿದೆ ಬಂದದ್ದು 1906ರಲ್ಲಿ. ಇವನ್ನು ಓದಿ ಬಿಳಿಯರ ಹೆಂಗಸರು ಕಟುಕರೆಂದು ಅಂದುಕೊಳ್ಳಬೇಡಿ. ಮುಂಬಯಿಯ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ನಮ್ಮ ಹೆಂಗಸರೂ ಕೂಸಿಗೆ ಅಫೀಮಿನ 'ಬಾಲಗೋಲಿ' ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದರು. ನೋಡಿಕೊಳ್ಳಲು ಯಾರೂ ಇಲ್ಲ, ಹೋಗದಿದ್ದರೆ ಕೂಲಿಯಿಲ್ಲ.

ನಮಗೆಲ್ಲ ಪರಿಚಿತವಾದ ವುಡ್‌ವರ್ಡ್ಸ್ ಗ್ರೈಪ್ ವಾಟರ್ ಹುಟ್ಟಿದ್ದೂ ಆ ಕಾಲದಲ್ಲೇ, 1851ರಲ್ಲಿ, ಶೆಫೀಲ್ಡಿಗೆ ಬಹಳ ದೂರವಲ್ಲದ ನಾಟಿಂಗ್‌ಹ್ಯಾಮಿನಲ್ಲಿ. ಸಬ್ಬಸಿಗೆಯ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ತುಸು ಮದ್ಯಸಾರ. ಈಗ ಮದ್ಯಸಾರ ಇಲ್ಲ. ಹಿಂದೆ ಕುಡಿದು ಬೆಳೆದ ನಾವು ಹೊಟ್ಟೆನೋವು ಹೋಗಿ ನಕ್ಕೆವೋ, ಅಮಲೇರಿ ನಕ್ಕೆವೋ, ಯಾರು ಬಲ್ಲರು?

ನೀಲಿ ಬಾಟಲಿಗಳ ಮಾತು ಬಿಟ್ಟೆನಲ್ಲ. ಶೆಡ್ಡಿನಲ್ಲಿ ಎಲ್ಲಕ್ಕಿಂತ ಚೆಲುವಾದವು ಅವೇ, ಮತ್ತು ಅವು ವಿಷದ ಬಾಟಲಿಗಳು. ಆರು ಮೂಲೆ, ಮೈತುಂಬ ಗೀರು. ಕತ್ತಲಲ್ಲಿ ಔಷಧಿಗೆಂದು ಕೈಚಾಚಿದವರಿಗೆ ಬೆರಳಿಗೇ ತಿಳಿಯಲಿ ಎಂದು. ಬಾಟಲಿಯ ವಯಸ್ಸು ತಿಳಿಯುವುದನ್ನೂ ಅಜ್ಜನವರು ಹೇಳಿಕೊಟ್ಟರು: ಅಚ್ಚಿನ ಗೆರೆ ಬಾಯಂಚಿನ ತನಕ ಹೋಗಿದ್ದರೆ ಯಂತ್ರದ್ದು, ಅಂದರೆ ಅಮೆರಿಕದ ಮೈಕೇಲ್ ಓವೆನ್ಸ್ 1903ರಲ್ಲಿ ಬಾಟಲಿಯಂತ್ರ ಮಾಡಿದ ಈಚಿನದು, ಕತ್ತಿನಲ್ಲೇ ನಿಂತಿದ್ದರೆ ಬಹುಮಟ್ಟಿಗೆ ಊದುವ ಕಾಲದ್ದು.

ಈ ಹವ್ಯಾಸದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಚಂದದ ಬಾಟಲಿ ಎತ್ತಿಕೊಂಡು ಒಡಕನ್ನು, ಮೂಳೆಯನ್ನು, ಚಪ್ಪಲಿಯ ಚೂರನ್ನು ಮತ್ತೆ ಗುಂಡಿಗೆ ತಳ್ಳುತ್ತಾರೆ. ಯಾವುದು ಯಾವುದರ ಪಕ್ಕದಲ್ಲಿತ್ತು ಎಂಬುದು ಅಲ್ಲಿಗೆ ಹೋಯಿತು. ನ್ಯೂಯಾರ್ಕಿನಲ್ಲಿ ಫೈವ್ ಪಾಯಿಂಟ್ಸ್ ಎಂಬ ಕುಖ್ಯಾತ ಕೊಳಚೆಪ್ರದೇಶವಿತ್ತು; 1842ರಲ್ಲಿ ಡಿಕನ್ಸ್ ನೋಡಿ ಹೇಸಿಕೊಂಡು ಬರೆದ ಜಾಗ. 1991ರಲ್ಲಿ ಕೋರ್ಟು ಕಟ್ಟಡಕ್ಕೆ ಪಾಯ ತೋಡುವ ಮುಂಚೆ ಪುರಾತತ್ತ್ವಜ್ಞರು ಅಲ್ಲಿಯ ಕಕ್ಕಸಿನ ಗುಂಡಿಗಳನ್ನು ಪದರಪದರವಾಗಿ ಬಿಡಿಸಿದರು. ಸುಮಾರು 8.5 ಲಕ್ಷ ವಸ್ತುಗಳು. ಅಲ್ಲಿದ್ದದ್ದು ಕಳ್ಳರು ಕುಡುಕರು ಮಾತ್ರವಲ್ಲ, ಒಳ್ಳೆಯ ಬಟ್ಟಲಲ್ಲಿ ಚಹಾ ಕುಡಿದು ಮರ್ಯಾದೆಯಿಂದ ಬಾಳಲು ಹೆಣಗಿದ ಕೂಲಿ ಸಂಸಾರಗಳು ಎಂದು ತಿಳಿಯಿತು. ಆ ವಸ್ತುಗಳನ್ನು ವರ್ಲ್ಡ್ ಟ್ರೇಡ್ ಸೆಂಟರಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಇಟ್ಟಿದ್ದರು. 2001ರ ಸೆಪ್ಟೆಂಬರ್ 11ರಂದು, ಬೇರೆ ಕಡೆಗೆ ಪ್ರದರ್ಶನಕ್ಕೆ ಕೊಟ್ಟಿದ್ದ ಕೆಲವೇ ಕೆಲವನ್ನು ಬಿಟ್ಟು, ಎಲ್ಲ ಹೋಯಿತು.

ದೂರದ ಮಾತೇಕೆ? ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿಯ ಬಳಿ ಬೂದಿದಿಬ್ಬವಿದೆ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಅಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದವರು ಸಗಣಿಯ ರಾಶಿಗೆ ಬೆಂಕಿಯಿಟ್ಟು ಆದ ದಿಬ್ಬಗಳಿವು ಎಂಬುದು ವಿದ್ವಾಂಸರ ನಿರ್ಣಯ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಉತ್ಖನನ ನಡೆಸಿದಾಗ ದಿಬ್ಬದ ಪಕ್ಕದಲ್ಲೇ ಜನ ಬಾಳಿದ ನೆಲೆಯೂ ಸಿಕ್ಕಿತು. ಅಂದರೆ ನಮ್ಮ ಸೀಮೆಯ ಮೊದಲ ಚರಿತ್ರೆಯೂ ತಿಪ್ಪೆಯೇ. ಅನೇಕ ದಿಬ್ಬಗಳನ್ನು ಹೊಲದ ಗೊಬ್ಬರಕ್ಕೆಂದು ತೋಡಿ ಸಾಗಿಸಿಬಿಟ್ಟಿದ್ದಾರೆ.

ನಮ್ಮ ಮನೆಗಳ ತಿಪ್ಪೆಯೂ ವರ್ಷಕ್ಕೊಮ್ಮೆ ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಬಾಟಲಿಯನ್ನಂತೂ ಎಸೆಯುತ್ತಲೇ ಇರಲಿಲ್ಲ. ಔಷಧಿ ಮುಗಿದರೆ ಹರಳೆಣ್ಣೆಗೆ, ಅದಕ್ಕೂ ಬೇಡವಾದರೆ ಸೀಮೆಎಣ್ಣೆಗೆ, ಕೊನೆಗೆ ಖಾಲಿ ಸೀಸೆಯವನ ಗೋಣಿಗೆ. ಒಡೆದದ್ದಕ್ಕೂ ಕೆಲಸವಿತ್ತು: ಕಳ್ಳರು ಹತ್ತದಿರಲಿ ಎಂದು ಕಾಂಪೌಂಡ್ ಗೋಡೆಯ ನೆತ್ತಿಗೆ ಗಾರೆಯಲ್ಲಿ ನೆಡುತ್ತಿದ್ದರು. ಶೆಫೀಲ್ಡಿನಿಂದ ಬಂದ ಮೇಲೆ ಒಂದು ಭಾನುವಾರ ತವರುಮನೆಗೆ ಹೋದಾಗ ಸ್ಟೂಲು ಹಾಕಿಕೊಂಡು ಆ ಗೋಡೆಯನ್ನು ನೋಡಿದೆ. ಹಸಿರು, ಕಂದು, ಬಿಳಿ ಚೂರುಗಳು, ಒಂದು ಗೋಲಿಸೋಡಾದ ಕತ್ತು. ಒಂದು ಕಂದು ಚೂರಿನ ಮೇಲೆ ಎರಡು ಉಬ್ಬಕ್ಷರ, ಉಳಿದದ್ದು ಗಾರೆಯೊಳಗೆ. ಅಮ್ಮನನ್ನು ಕರೆದು ಇದು ಯಾವ ಔಷಧಿಯದು, ಯಾರಿಗೆ ತಂದದ್ದು ಎಂದು ಕೇಳಿದೆ. "ನಿಮ್ಮಜ್ಜೀನ ಕೇಳಬೇಕಿತ್ತಲ್ಲೇ" ಎಂದಳು.