ನಲ್ಲಿಯಿರುವ ಜಾಗ, ಬರೀ ಹುಲ್ಲಿನ ಜಾಗ

ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ರಜೆಗೆ ಹೊರಡುವವರು ತಂಗುದಾಣವನ್ನು ಕಾಯ್ದಿರಿಸುವಾಗ ಒಂದು ಪ್ರಶ್ನೆಗೆ ಉತ್ತರಿಸಲೇಬೇಕು. ಸರ್ವಿಸ್ಡ್ ಪಿಚ್ ಬೇಕೋ, ಬೇಸಿಕ್ ಪಿಚ್ ಸಾಕೋ? ಪಿಚ್ ಎಂದಾಕ್ಷಣ ನಮಗೆ ನೆನಪಾಗುವ ಇಪ್ಪತ್ತೆರಡು ಗಜದ ಪಟ್ಟಿ ಇದಲ್ಲ. ಒಂದು ಕ್ಯಾರವಾನ್, ಅದನ್ನೆಳೆದು ತಂದ ಕಾರು, ಎರಡು ಮಡಚುವ ಕುರ್ಚಿ ಹಿಡಿಯುವಷ್ಟು ನೆಲ. ಸರ್ವಿಸ್ಡ್ ಪಿಚ್ಚಿನಲ್ಲಿ ಸಾಮಾನ್ಯವಾಗಿ ಜಲ್ಲಿ ಹಾಕಿ ಗಟ್ಟಿ ಮಾಡಿದ ನೆಲ, ವಿದ್ಯುತ್ ಕಂಬ, ಸ್ವಂತ ನಲ್ಲಿ, ಬಚ್ಚಲು ನೀರು ಹೋಗಲು ಮೋರಿ ಇರುತ್ತವೆ. ಬೇಸಿಕ್ ಪಿಚ್ಚಿನಲ್ಲಿರುವುದು ಹುಲ್ಲು. ನೀರಿಗೆ ಎಲ್ಲರಿಗೂ ಸೇರಿದ ಒಂದು ನಲ್ಲಿ, ಶೌಚದ ಪೆಟ್ಟಿಗೆ ಬರಿದುಮಾಡಲು ಒಂದು ಗುಂಡಿ, ಅಷ್ಟೇ.

ಅಲೆಮಾರಿ ಸಮುದಾಯಗಳನ್ನು ಕುರಿತ ವಸಾಹತು ಕಾಲದ ಕಾನೂನುಗಳು ನನ್ನ ಪಿಎಚ್.ಡಿ. ವಿಷಯ. ನಮ್ಮಲ್ಲಿ ಅಂಥ ಕಾನೂನು ಮಾಡಿದವರು ತಮ್ಮ ನಾಡಿನಲ್ಲಿ ಅಲೆಯುವವರನ್ನು ಹೇಗೆ ನಡೆಸಿಕೊಂಡರು ಎಂದು ಹುಡುಕುತ್ತ ಹೋದಾಗ ಈ ರಜೆಗಾರರ ಪಿಚ್ಚುಗಳು ಎದುರಾದವು. ಮೊದಲಿಗೆ ಇದು ಕೇವಲ ಸೌಕರ್ಯದ ಮಾತು ಅನ್ನಿಸಿತ್ತು. ಓದುತ್ತ ಹೋದಂತೆ, ಯಾರು ಎಲ್ಲಿ ಎಷ್ಟು ದಿನ ನಿಲ್ಲಬಹುದು ಎಂಬ ನೂರೈವತ್ತು ವರ್ಷಗಳ ಜಗಳವೇ ಆ ಪ್ರಶ್ನೆಯ ಹಿಂದಿದೆ ಎಂದು ಗೊತ್ತಾಯಿತು.

ಮೊದಲು ಸೌಕರ್ಯದ ಲೆಕ್ಕವನ್ನೇ ನೋಡೋಣ. ಬೇಸಿಕ್ ಪಿಚ್ಚಿನಲ್ಲಿ ನೀರು ತರಲು ಬಹಳಷ್ಟು ಜನ ಬಳಸುವುದು ನೆಲದ ಮೇಲೆ ಉರುಳಿಸಿಕೊಂಡು ಬರುವ ಪೀಪಾಯಿ. ಸಾಮಾನ್ಯ ಅಳತೆಯದು 40 ಲೀಟರ್ ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಕೊಡ. ಇಬ್ಬರು ಮಿತವಾಗಿ ಬಳಸಿದರೆ ಒಂದು ದಿನ ಸಾಗುತ್ತದೆ. ಮಕ್ಕಳಿದ್ದು ಸ್ನಾನವೂ ಒಳಗೇ ಆದರೆ ಸಂಜೆಯೊಳಗೆ ಮತ್ತೊಮ್ಮೆ ನಲ್ಲಿಗೆ ಹೋಗಬೇಕು. ಕೊಡ ಹೊತ್ತು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನೀರಿನ ಭಾರಕ್ಕಿಂತ ನಲ್ಲಿಯ ದೂರ ಹೆಚ್ಚು ದಣಿಸುತ್ತದೆ. ಸಾಲದ್ದಕ್ಕೆ ಬಂದ ನೀರೆಲ್ಲ ಕೊಳೆಯಾಗಿ ಇನ್ನೊಂದು ಡಬ್ಬಿಯಲ್ಲಿ ವಾಪಸು ಹೋಗಬೇಕು.

ವಿದ್ಯುತ್ತಿನದೂ ಹೀಗೆಯೇ. ಕಂಬವಿರುವ ಪಿಚ್ಚಿನಲ್ಲಿ 10 ಅಥವಾ 16 ಆಂಪಿಯರ್ ಸಿಗುತ್ತದೆ. 230 ವೋಲ್ಟಿನ ಲೆಕ್ಕದಲ್ಲಿ 10 ಆಂಪಿಯರ್ ಅಂದರೆ 2,300 ವಾಟ್, 16 ಅಂದರೆ 3,680 ವಾಟ್. 10 ಆಂಪಿಯರಿನ ಕಡೆ 2,000 ವಾಟಿನ ಕೆಟಲ್ ಕುದಿಯುತ್ತಿರುವಾಗ ಹೀಟರ್ ಹಾಕಿದರೆ ಫ್ಯೂಸ್ ಹೋದಂತೆಯೇ. ಬೇಸಿಕ್ ಪಿಚ್ಚಿನಲ್ಲಿ ಇರುವುದು 12 ವೋಲ್ಟಿನ ಬ್ಯಾಟರಿ. 100 ಆಂಪಿಯರ್-ಗಂಟೆಯ ಹಳೆಯ ಬಗೆಯ ಸೀಸದ ಬ್ಯಾಟರಿಯಾದರೆ, ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದೆಂಬ ರೂಢಿಯಂತೆ, ಕೈಗೆ ಬರುವುದು ಸುಮಾರು 600 ವಾಟ್-ಗಂಟೆ. ದೀಪ, ನೀರಿನ ಪಂಪು, ಫೋನಿಗೆ ಅದು ಧಾರಾಳ; ಹೀಟರಿಗೆ ಏನೇನೂ ಸಾಲದು. ಅಡುಗೆ, ಬಿಸಿನೀರು, ಫ್ರಿಜ್ ಎಲ್ಲಕ್ಕೂ ಗ್ಯಾಸೇ ಗತಿ.

ಇಷ್ಟಾದರೂ ಬೇಸಿಕ್ ಪಿಚ್ಚನ್ನೇ ಹುಡುಕಿಕೊಂಡು ಹೋಗುವವರು ಅನೇಕರಿದ್ದಾರೆ. ಬಾಡಿಗೆ ಕಡಿಮೆ ಎನ್ನುವುದು ಒಂದು ಕಾರಣ. ಅದೇ ನಿಜವಾದ ಕ್ಯಾರವಾನ್ ಬದುಕು, ಉಳಿದದ್ದು ಗಾಲಿಯ ಮೇಲಿನ ಮನೆ ಎಂಬ ನಂಬಿಕೆ ಇನ್ನೊಂದು. ಈ ನಂಬಿಕೆಗೆ ಒಬ್ಬ ಮೂಲಪುರುಷನಿದ್ದಾನೆ.

ವಿಲಿಯಂ ಗಾರ್ಡನ್ ಸ್ಟೇಬಲ್ಸ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು ನಿವೃತ್ತನಾದವನು, ಹುಡುಗರಿಗಾಗಿ ಸಾಹಸ ಕಥೆಗಳನ್ನು ಬರೆಯುತ್ತಿದ್ದವನು. 1885ರಲ್ಲಿ ಬ್ರಿಸ್ಟಲ್ಲಿನ ಗಾಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಕ್ಯಾರವಾನ್ ಮಾಡಿಸಿದ. ಮಹಾಗನಿ ಮರ ಹಾಕಿ ಕಟ್ಟಿದ, ಎರಡು ಕುದುರೆಗಳು ಎಳೆಯುವ, ತುಂಬಿದಾಗ ಸುಮಾರು ಎರಡು ಟನ್ ತೂಗುವ ಗಾಡಿ. ಅದರಲ್ಲಿ ಬರ್ಕ್‌ಶೈರಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಮರುವರ್ಷ ಬಂದ ಅವನ ಪ್ರವಾಸ ಕಥನ ಓದಿ ಅನೇಕರಿಗೆ ರಸ್ತೆಯ ಹುಚ್ಚು ಹತ್ತಿತು. ತನ್ನನ್ನು ತಾನು ‘ಜೆಂಟಲ್‌ಮನ್ ಜಿಪ್ಸಿ’ ಎಂದು ಕರೆದುಕೊಂಡವನು ಇವನೇ.

ಸ್ಟೇಬಲ್ಸ್‌ನ ಗಾಡಿ ನಿಂತದ್ದು ಇಂದಿನ ಮಾತಿನಲ್ಲಿ ಅಪ್ಪಟ ಬೇಸಿಕ್ ಪಿಚ್ಚುಗಳಲ್ಲಿ: ರೈತರ ಹೊಲ, ಹೋಟೆಲಿನ ಹಿತ್ತಲು. ಆದರೆ ಅವನ ಜೊತೆಗೆ ಗಾಡಿ ಹೊಡೆಯುವವನೊಬ್ಬ, ಸೇವಕನೊಬ್ಬ ಇದ್ದರು. ಸೇವಕ ಮೂರು ಗಾಲಿಯ ಸೈಕಲ್ಲಿನಲ್ಲಿ ಗಾಡಿಗಿಂತ ಮುಂದೆ ಹೋಗುತ್ತಿದ್ದ. ರಾತ್ರಿಯಾದರೆ ಕುದುರೆಗಳಿಗೆ ಲಾಯ, ಹುಲ್ಲು, ನೀರು ಬೇಕು. ಅಂದರೆ ಸರ್ವಿಸ್ ಎಂಬುದು ಆಗಲೂ ಇತ್ತು. ನೆಲದಡಿಯ ಕೊಳವೆಯಲ್ಲಿ ಬರುವ ಬದಲು ಮನುಷ್ಯರ ಕೈಯಲ್ಲಿ ಬರುತ್ತಿತ್ತು.

ಸ್ಟೇಬಲ್ಸ್ ಹೊರಟ ಅದೇ ಹೊತ್ತಿಗೆ ಜಾರ್ಜ್ ಸ್ಮಿತ್ ಎಂಬ ಸುಧಾರಕ ಬೇರೊಂದು ಓಡಾಟದಲ್ಲಿದ್ದ. ಗಾಡಿಯಲ್ಲಿ ವಾಸಿಸುವ ಜಿಪ್ಸಿ ಕುಟುಂಬಗಳನ್ನೂ ಜಾತ್ರೆಯ ಆಟಗಾರರನ್ನೂ ನೋಂದಾಯಿಸಬೇಕು, ಅಧಿಕಾರಿಗಳು ಅವರ ಗಾಡಿಯೊಳಗೆ ಹೋಗಿ ಶುಚಿತ್ವ ಪರೀಕ್ಷಿಸಬೇಕು, ಮಕ್ಕಳನ್ನು ಶಾಲೆಗೆ ಹಾಕಬೇಕು ಎಂಬುದು ಅವನ ವಾದ. ಅದಕ್ಕಾಗಿ ‘ಚಲಿಸುವ ವಸತಿ’ಗಳ ಮಸೂದೆ 1885ರಿಂದ ಸುಮಾರು ಹತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಪಾರ್ಲಿಮೆಂಟಿನ ಮುಂದೆ ಬಂತು, ಪ್ರತಿ ಸಲವೂ ಬಿತ್ತು. ಅದನ್ನು ಎದುರಿಸಲೆಂದೇ ಜಾತ್ರೆಯವರು 1889ರಲ್ಲಿ ಗಾಡಿವಾಸಿಗಳ ಸಂಘ ಕಟ್ಟಿಕೊಂಡರು. ಒಂದೇ ರಸ್ತೆಯ ಮೇಲೆ ಎರಡು ಬಗೆಯ ಗಾಡಿಗಳು. ಒಂದರಲ್ಲಿ ನಲ್ಲಿ, ಮೋರಿ ಇಲ್ಲದಿರುವುದು ಪ್ರಕೃತಿಯ ಸಹವಾಸ. ಇನ್ನೊಂದರಲ್ಲಿ ಅದೇ ಸಾರ್ವಜನಿಕ ಆರೋಗ್ಯದ ಸಮಸ್ಯೆ.

ಇಲ್ಲಿ ನಮ್ಮ ನಾಡಿನ ನೆನಪಾಗದೆ ಇರುವುದಿಲ್ಲ. ಇದಕ್ಕೂ ಮೊದಲೇ, 1871ರಲ್ಲಿ, ಇದೇ ಸಾಮ್ರಾಜ್ಯ ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ತಂದಿತ್ತು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಅದು 1911ರ ಕಾಯ್ದೆಯೊಂದಿಗೆ ಬ್ರಿಟಿಷ್ ಭಾರತದ ಉದ್ದಗಲಕ್ಕೂ ಹಬ್ಬಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ವಿಜಯಪುರಗಳಲ್ಲಿ ಸೆಟ್ಲ್‌ಮೆಂಟುಗಳಾದವು; ಅಲೆಮಾರಿ ಕುಟುಂಬಗಳು ಅಲ್ಲಿ ಹಾಜರಿ ಹಾಕಬೇಕಾಯಿತು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಇಂಗ್ಲೆಂಡಿನ ಪಾರ್ಲಿಮೆಂಟ್ ತನ್ನ ಜಿಪ್ಸಿಗಳ ಮೇಲೆ ಹೇರಲು ಹಿಂಜರಿದ ನೋಂದಣಿ ಇಲ್ಲಿ ಸಲೀಸಾಗಿ ಜಾರಿಯಾಯಿತು. ಎರಡೂ ಕಡೆಯ ಕಾಯ್ದೆಗಳು ಒಂದೇ ಎಂದು ನಾನು ಹೇಳುತ್ತಿಲ್ಲ. ನಿಂತ ವಿಳಾಸವಿಲ್ಲದವರ ಮೇಲಿನ ಅನುಮಾನ ಮಾತ್ರ ಒಂದೇ.

ರಜೆಗಾರರ ಕಥೆ ಬೇರೆ ದಾರಿ ಹಿಡಿಯಿತು. 1907ರಲ್ಲಿ ಲಂಡನ್ನಿನಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. 1919ರ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನ ಎಕ್ಲೆಸ್ ಕಂಪನಿ ಮೋಟಾರಿನ ಹಿಂದೆ ಎಳೆಯುವ ಗಾಡಿಗಳನ್ನು ಮಾಡತೊಡಗಿತು. ಕುದುರೆ ಹೋಯಿತು, ಲಾಯ ಹೋಯಿತು, ಸೇವಕನೂ ಹೋದ. ಅವನು ಮಾಡುತ್ತಿದ್ದ ಕೆಲಸ ಮಾತ್ರ ಉಳಿಯಿತು. ನೀರು ತರುವವರು ಯಾರು, ಕೊಳೆ ಚೆಲ್ಲುವುದೆಲ್ಲಿ? ಸರ್ವಿಸ್ಡ್ ಪಿಚ್ಚಿನ ಬೀಜ ಇರುವುದು ಈ ಪ್ರಶ್ನೆಯಲ್ಲಿ.

ಕಾನೂನು ಕೂಡ ಅದೇ ಪ್ರಶ್ನೆಯನ್ನು ಹಿಡಿದುಕೊಂಡಿತು. 1936ರ ಸಾರ್ವಜನಿಕ ಆರೋಗ್ಯ ಕಾಯ್ದೆ ಚಲಿಸುವ ವಸತಿಗಳಿರುವ ಜಾಗಗಳಿಗೆ ಪರವಾನಗಿಯ ಏರ್ಪಾಡು ಮಾಡಿತು. ಎರಡನೆಯ ಮಹಾಯುದ್ಧದ ನಂತರ ಮನೆ ಸಿಗದ ಸಾವಿರಾರು ಜನ ಕ್ಯಾರವಾನುಗಳಲ್ಲೇ ಸಂಸಾರ ಹೂಡಿದರು. ಅವರ ಸ್ಥಿತಿಗತಿಯ ಬಗ್ಗೆ 1959ರಲ್ಲಿ ಆರ್ಟನ್ ವಿಲ್ಸನ್ ವರದಿ ಬಂತು, ಅದರ ಬೆನ್ನಿಗೇ 1960ರಲ್ಲಿ ಕ್ಯಾರವಾನ್ ತಾಣಗಳ ಕಾಯ್ದೆ. ಇನ್ನು ಮುಂದೆ ಪರವಾನಗಿ ಬೇಕು. ಪರವಾನಗಿ ಬೇಕಾದರೆ ಗಾಡಿಗಳ ನಡುವೆ ಅಂತರ, ನೀರು, ಚರಂಡಿ, ಬೆಂಕಿಯಿಂದ ರಕ್ಷಣೆ ಇವೆಲ್ಲ ಇರಬೇಕು.

ಹಾಗಾದರೆ ಬರೀ ಹುಲ್ಲಿನ ಪಿಚ್ ಇಂದಿಗೂ ಹೇಗೆ ಉಳಿದಿದೆ? ಉತ್ತರ ಆ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ. ಸರ್ಕಾರದ ಮಾನ್ಯತೆ ಪಡೆದ ಕ್ಲಬ್ಬೊಂದು ಒಬ್ಬ ರೈತನ ಹೊಲಕ್ಕೆ ಪ್ರಮಾಣಪತ್ರ ಕೊಟ್ಟರೆ, ಅಲ್ಲಿ ಏಕಕಾಲಕ್ಕೆ ಐದು ಕ್ಯಾರವಾನುಗಳವರೆಗೆ ಪರವಾನಗಿ ಇಲ್ಲದೆ ನಿಲ್ಲಬಹುದು. ಶರತ್ತು ಎರಡು: ಬಂದವರು ಕ್ಲಬ್ಬಿನ ಸದಸ್ಯರಾಗಿರಬೇಕು, ಬಂದದ್ದು ವಿಹಾರಕ್ಕಾಗಿರಬೇಕು. ಬ್ರಿಟನ್ನಿನ ಹಳ್ಳಿಗಾಡಿನ ಎಷ್ಟೋ ಚೆಲುವಾದ ಬೇಸಿಕ್ ಪಿಚ್ಚುಗಳಿರುವುದು ಇಂಥ ಐದು ಗಾಡಿಯ ಹೊಲಗಳಲ್ಲಿ. ಹಿಂದೆ ಕುರಿ, ಮುಂದೆ ಬೆಟ್ಟ, ಮೂಲೆಯಲ್ಲಿ ಒಂದು ನಲ್ಲಿ.

ಅದೇ ಕಾಯ್ದೆಯ 23ನೆಯ ಸೆಕ್ಷನ್ ಊರಿನ ಗೋಮಾಳದಂಥ ಸಾರ್ವಜನಿಕ ಬಯಲುಗಳಲ್ಲಿ ಕ್ಯಾರವಾನ್ ನಿಲ್ಲಿಸುವುದನ್ನು ನಿಷೇಧಿಸುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು. ತಲೆಮಾರುಗಳಿಂದ ಅಲ್ಲಿ ಬಿಡಾರ ಹೂಡುತ್ತಿದ್ದವರು ಜಿಪ್ಸಿಗಳು. ಅವರು ನಿಲ್ಲುತ್ತಿದ್ದ ಜಾಗದಲ್ಲೂ ಇದ್ದದ್ದು ಹುಲ್ಲು ಮಾತ್ರ. ಅವರಿಗೆ ಕ್ಲಬ್ಬಿನ ಸದಸ್ಯತ್ವವಿರಲಿಲ್ಲ, ಅವರದು ವಿಹಾರವೂ ಆಗಿರಲಿಲ್ಲ. ಮುಂದೆ ಲಿಬರಲ್ ಸಂಸದ ಎರಿಕ್ ಲಬಕ್ ಮಂಡಿಸಿದ ಖಾಸಗಿ ಮಸೂದೆ 1968ರಲ್ಲಿ ಕಾಯ್ದೆಯಾಯಿತು. ಜಿಪ್ಸಿಗಳಿಗೆ ತಾಣಗಳನ್ನು ಒದಗಿಸುವುದು ಇಂಗ್ಲೆಂಡ್ ಮತ್ತು ವೇಲ್ಸಿನ ಸ್ಥಳೀಯ ಆಡಳಿತಗಳ ಕರ್ತವ್ಯವಾಯಿತು. 1994ರಲ್ಲಿ ಆ ಕರ್ತವ್ಯವನ್ನು ತೆಗೆದುಹಾಕಲಾಯಿತು. 2022ರ ಪೊಲೀಸ್ ಕಾಯ್ದೆಯಲ್ಲಂತೂ, ಒಪ್ಪಿಗೆಯಿಲ್ಲದೆ ವಾಹನದೊಂದಿಗೆ ನೆಲೆಸಿ ಹಾನಿ ಅಥವಾ ತೊಂದರೆ ಉಂಟುಮಾಡಿ, ಹೇಳಿದರೂ ಬಿಟ್ಟುಹೋಗದಿದ್ದರೆ ಅದು ಅಪರಾಧ.

ಇಷ್ಟೆಲ್ಲ ಓದಿದ ಮೇಲೂ ಆ ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಕೈಗೂಸಿದೆ, ಅಕ್ಟೋಬರಿನ ಮಳೆ ಹಿಡಿದಿದೆ ಅಂದರೆ ಸಂಕೋಚಪಡದೆ ಸರ್ವಿಸ್ಡ್ ಪಿಚ್ ತೆಗೆದುಕೊಳ್ಳಿ. ಒದ್ದೆ ಹುಲ್ಲಿನಲ್ಲಿ ಹೂತ ಗಾಲಿಯನ್ನು ಎತ್ತುವುದು ಪ್ರಕೃತಿಪ್ರೇಮವಲ್ಲ. ಜೂನ್ ತಿಂಗಳ ಎರಡು ರಾತ್ರಿ, ಇಬ್ಬರೇ ಇದ್ದೀರಿ, ಬ್ಯಾಟರಿ ತುಂಬಿದೆ ಅಂದರೆ ಐದು ಗಾಡಿಯ ಹೊಲ ಸಾಕು. ಒಂದು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ದಿನಕ್ಕೆ ಎಷ್ಟು ಸಲ ನಲ್ಲಿಗೆ ಹೋಗಬೇಕು ಎಂದು ಎಣಿಸಿ, ಬಾಡಿಗೆಯ ವ್ಯತ್ಯಾಸದ ಪಕ್ಕದಲ್ಲಿಟ್ಟು ನೋಡಿ.

ಆದರೆ ಬೇಸಿಕ್ ಪಿಚ್ಚನ್ನು ಆರಿಸಿಕೊಂಡವರು ಅದನ್ನು ಸ್ವಾತಂತ್ರ್ಯ ಎಂದು ಕರೆಯುವಾಗ ಕೊಂಚ ತಡೆಯಬೇಕು. ಸರ್ವಿಸ್ಡ್ ಮತ್ತು ಬೇಸಿಕ್‌ಗಳ ನಡುವಿನ ಅಂತರ ಕೆಲವು ಪೌಂಡು. ಬೇಸಿಕ್ ಪಿಚ್ಚಿಗೂ ರಸ್ತೆಯಂಚಿನ ಹುಲ್ಲಿಗೂ ನಡುವಿನ ಅಂತರ ಒಂದು ಸದಸ್ಯತ್ವದ ಚೀಟಿ ಮತ್ತು ಹಿಂದಿರುಗಲು ಒಂದು ಮನೆ. ನಲ್ಲಿಯನ್ನು ಬೇಡವೆನ್ನುವ ಸುಖ ಸಿಗುವುದು ಮನೆಯಲ್ಲಿ ನಲ್ಲಿ ಇದ್ದವರಿಗೆ. ಸ್ಟೇಬಲ್ಸ್‌ಗೆ ಟ್ವೈಫರ್ಡ್‌ನಲ್ಲಿ ಮನೆಯಿತ್ತು. ಅವನು ಯಾರ ಹೆಸರನ್ನು ಪ್ರೀತಿಯಿಂದ ಎರವಲು ಪಡೆದನೋ ಅವರು ಹಿಂದಿರುಗಬೇಕಾಗಿದ್ದದ್ದು ಆ ಗಾಡಿಗೇ.