ಕೆರೂಬಿ

ಗ್ರೀಟಿಂಗ್ ಕಾರ್ಡಿನ ಮೂಲೆಯಲ್ಲಿ ಗದ್ದಕ್ಕೆ ಕೈಯೂರಿ ಮೇಲೆ ನೋಡುತ್ತಿರುವ, ಪುಟ್ಟ ರೆಕ್ಕೆಯ ಗುಂಡುಕೆನ್ನೆಯ ಮಗುವನ್ನು ನೋಡಿರುತ್ತೀರಿ. ರಫೇಲ್ ಸುಮಾರು 1512ರಲ್ಲಿ ಬಿಡಿಸಿದ ‘ಸಿಸ್ಟೀನ್ ಮಡೋನ್ನಾ’ದ ಕೆಳಅಂಚಿನಿಂದ ಎದ್ದುಬಂದ ಜೋಡಿಯಲ್ಲಿ ಒಂದು ಅದು. ಇಂಗ್ಲಿಷಿನವರಿಗೆ ಇಂಥ ಮಗು ‘ಚೆರಬ್’. ಅದೇ ಹೀಬ್ರೂ ಪದ ಕನ್ನಡ ಬೈಬಲಿನಲ್ಲಿ ‘ಕೆರೂಬಿ’. ಆದರೆ ಇದರ ಕೆನ್ನೆ ಹಿಂಡಲು ಧೈರ್ಯ ಬೇಕು! ಏದೆನ್ ತೋಟದ ದಾರಿ ಕಾಯುವುದು ಇವೇ. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಂತೂ ಒಂದೊಂದಕ್ಕೂ 4 ಮುಖ, 4 ರೆಕ್ಕೆ, ಮೈತುಂಬ ಕಣ್ಣು. ಸೊಲೊಮೋನನ ದೇವಾಲಯದ ಗರ್ಭಗುಡಿಯಲ್ಲಿದ್ದ ಜೋಡಿ ಆಲಿವ್ ಮರದ್ದು. 10 ಮೊಳ ಎತ್ತರ, ಮೇಲೆ ಚಿನ್ನದ ತಗಡು. ಪದದ ಮೂಲ ಹರಸುವ ಅರ್ಥದ ಅಕ್ಕಾಡಿಯನ್ ಧಾತುವಿರಬಹುದೆಂದು ಹಲವು ವಿದ್ವಾಂಸರ ಊಹೆ. ಅರಮನೆಯ ಬಾಗಿಲಿಗೆ ರೆಕ್ಕೆಯ ಗೂಳಿಗಳನ್ನು ನಿಲ್ಲಿಸುತ್ತಿದ್ದ ಸೀಮೆಯ ಭಾಷೆ ಅದು. ನಮ್ಮ ಗುಡಿಗಳ ಕೋರೆಹಲ್ಲಿನ ದ್ವಾರಪಾಲಕರು ನೆನಪಾದರೆ ತಪ್ಪೇನಿಲ್ಲ.

ಎದುರು ಪಾಳಯದ ‘ದೆವ್ವ’ದ ಕತೆ ಉಲ್ಟಾ. ‘ದೈವ’ದ ತದ್ಭವವಾದ ಈ ಪದ ಕನ್ನಡ ಬೈಬಲಿನಲ್ಲಿ ದೇವರ ವೈರಿಗಳ ಕಡೆ ಸೇರಿತು. ಚಿತ್ರಕಾರರು ಅದಕ್ಕೆ ಕೊಂಬು, ಬಾಲ ಕೊಟ್ಟರು. ಸುವಾರ್ತೆಗಳಲ್ಲಿ ಅದಕ್ಕೆ ಆಕಾರವೇ ಇಲ್ಲ. ಮಾರ್ಕನ ಸುವಾರ್ತೆಯಲ್ಲಿ, ಒಬ್ಬನನ್ನು ಬಿಟ್ಟ ದೆವ್ವಗಳ ದಂಡು ಹೊಕ್ಕಿದ್ದು ಸುಮಾರು 2,000 ಹಂದಿಗಳ ಮೈಯೊಳಗೆ.