ಫ್ಯಾರಡೆಯ ಕೆಂಪು ನೀರು

ಚಿನ್ನದ ಬಣ್ಣ ಹಳದಿಯೆಂದು ಅಕ್ಕಸಾಲಿಗನೂ ಕವಿಯೂ ಒಪ್ಪಿರುವಾಗ ಅದನ್ನು ಪ್ರಶ್ನಿಸುವ ಧೈರ್ಯ ನಮಗೆ ಬಾರದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದ ಮೈಕೇಲ್ ಫ್ಯಾರಡೆಗೆ ಬಂದಿತು. ಚಿನ್ನದ ರೇಕನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡುತ್ತಿದ್ದಾಗ, ತೊಳೆದ ನೀರು ನಸುಗೆಂಪಾದುದನ್ನು 1856ರಲ್ಲಿ ಆತನು ಕಂಡನು. ಬೇರೊಬ್ಬನಾಗಿದ್ದರೆ ಚೆಲ್ಲಿಬಿಡುತ್ತಿದ್ದನು. ಫ್ಯಾರಡೆ ಅದರ ಬೆನ್ನು ಹತ್ತಿದನು. ಚಿನ್ನದ ಲವಣದ ದ್ರಾವಣಕ್ಕೆ ರಂಜಕವನ್ನು ಸೇರಿಸಿ ಮಾಣಿಕ್ಯವರ್ಣದ ನೀರನ್ನು ತಾನೇ ತಯಾರಿಸಿದನು. ಅದರೊಳಗೆ ಬೆಳಕನ್ನು ಹಾಯಿಸಿದರೆ, ಕತ್ತಲೆಯ ಕೋಣೆಯಲ್ಲಿ ಬಿಸಿಲುಕೋಲು ಕಾಣುವಂತೆ ಬೆಳಕಿನ ದಾರಿ ಕಾಣುತ್ತಿತ್ತು. ಚಿನ್ನ ಕರಗಿಲ್ಲ, ಕಣ್ಣಿಗೆ ನಿಲುಕದ ಕಣಗಳಾಗಿ ತೇಲುತ್ತಿದೆಯೆಂದು ಆತನು ತರ್ಕಿಸಿದನು. 1857ರ ಫೆಬ್ರವರಿ 5ರಂದು ರಾಯಲ್ ಸೊಸೈಟಿಯ ಮುಂದೆ ಇದನ್ನು ವಿವರಿಸಿದಾಗಲೂ, ಈ ಪ್ರಯೋಗಗಳಿಗೆ ಬಹಳ ಬೆಲೆಯಿದೆಯೆಂದು ಹೇಳಿಕೊಳ್ಳಲಿಲ್ಲ. ಆ ಸೀಸೆಗಳಲ್ಲಿ ಕೆಲವು ಇಂದಿಗೂ ಉಳಿದಿವೆ, ಕೆಂಪು ಇಳಿದಿಲ್ಲ.

ಕೆಂಪೇಕೆ ಎಂಬುದಕ್ಕೆ ಗಣಿತದ ಉತ್ತರ ಕೊಟ್ಟವನು ಜರ್ಮನಿಯ ಗುಸ್ತಾವ್ ಮೀ, 1908ರಲ್ಲಿ. ಕಣವು ಹಸುರು ಬೆಳಕನ್ನು ನುಂಗುತ್ತದೆ, ಕೆಂಪನ್ನು ಬಿಡುತ್ತದೆ. ನುಂಗಿದ ಬೆಳಕು ಎಲ್ಲಿಗೆ ಹೋಗಬೇಕು? ಬಿಸಿಯಾಗುತ್ತದೆ. ಈಗಿನ ವೈದ್ಯಸಂಶೋಧಕರು ಹಿಡಿದಿರುವ ಎಳೆ ಇದೇ.

ಕತ್ತಲಲ್ಲಿ ಟಾರ್ಚಿನ ಮೇಲೆ ಅಂಗೈ ಮುಚ್ಚಿ ನೋಡಿರಿ: ಬೆರಳ ಸಂದಿನ ಮಾಂಸ ಕೆಂಪಾಗಿ ಹೊಳೆಯುತ್ತದೆ. ಕೆಂಪೂ, ಅದರಾಚೆಯ ಕಾಣದ ಕಿರಣವೂ ಮೈಯೊಳಗೆ ಸ್ವಲ್ಪ ದೂರ ಹೋಗಬಲ್ಲವು. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಸಿಲಿಕಾದ ತಿರುಳಿಗೆ ಚಿನ್ನದ ಚಿಪ್ಪು ತೊಡಿಸಿ, ಆ ಕಿರಣವನ್ನೇ ನುಂಗುವ ಕಣವನ್ನು 1990ರ ದಶಕದಲ್ಲಿ ಮಾಡಿದರು. ಅಂಥ ಕಣಗಳನ್ನು ರಕ್ತಕ್ಕೆ ಬಿಟ್ಟು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನು ಲೇಸರಿನಿಂದ ಸುಟ್ಟ ವರದಿ 2019ರಲ್ಲಿ ಬಂದಿತು. 16 ಮಂದಿಯಲ್ಲಿ 15 ಮಂದಿಗೆ ಚಿಕಿತ್ಸೆ ನೆರವೇರಿತು. ಶಸ್ತ್ರಚಿಕಿತ್ಸೆಯಲ್ಲಿ ರೋಗಿಗಳು ಬಹುವಾಗಿ ಅಂಜುವ ಮೂತ್ರದ ಹಿಡಿತದ ನಷ್ಟ, ಪುರುಷತ್ವದ ನಷ್ಟ ಇಲ್ಲಿ ಕಾಣಲಿಲ್ಲ. ಹದಿನಾರು ಸಣ್ಣ ಸಂಖ್ಯೆಯೇ, ನಿಜ. ಆದರೆ ಆ ಹದಿನಾರು ಮನೆಗಳಲ್ಲಿ ಸಣ್ಣದಾಗಿರಲಾರದು.

ಇನ್ನೊಂದು ಕವಲು ಕರಡಿಗೆಯದು. ಪಾಲಿಮರಿನಿಂದ ಹೆಣೆದ ಟೊಳ್ಳು ಗುಳ್ಳೆಗಳನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಡಿಷರ್, ಹ್ಯಾಮರ್ ಮೊದಲಾದವರು 1999ರಲ್ಲಿ ವರ್ಣಿಸಿದರು. ಗೋಡೆಯ ದಪ್ಪ ಸುಮಾರು 8 ನ್ಯಾನೋಮೀಟರು. ಆದರೂ ಕೊಬ್ಬಿನ ಗುಳ್ಳೆಗಳಿಗಿಂತ ಗಟ್ಟಿ. ಒಳಗೆ ಔಷಧ, ಜೊತೆಗೆ ಚಿನ್ನದ ಕಣ. ಬೆಳಕು ಬಿದ್ದಾಗ ಗೋಡೆ ಸಡಿಲಿ, ಬೇಕಾದೆಡೆಯಲ್ಲಿಯೇ ಔಷಧ ಹೊರಬೀಳಬೇಕೆಂಬುದು ಹಂಚಿಕೆ. ಇದು ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಯ ಮಾತು.

ತೊಡಕೊಂದುಂಟು. ಸೀಸೆಯಲ್ಲಿ ಕೆಂಪನ್ನು ಕಾಯ್ದ ಅದೇ ಗುಣ, ಚಿನ್ನದ ಕೆಡದ ಗುಣ, ಮೈಯೊಳಗೆ ಉಪದ್ರವ. ದೊಡ್ಡ ಕಣಗಳು ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಬಹುಕಾಲ ತಂಗಿಬಿಡುತ್ತವೆ. ಸುಮಾರು 6 ನ್ಯಾನೋಮೀಟರಿಗಿಂತ ಕಿರಿದಾದುದನ್ನು ಮಾತ್ರ ಮೂತ್ರಪಿಂಡ ಹೊರಗೆ ಬಿಡುತ್ತದೆ. ಆದ್ದರಿಂದಲೇ ಕೆಲವರು ಅಷ್ಟು ಕಿರಿಯ ಕಣಗಳನ್ನು ಕರಡಿಗೆಯಲ್ಲಿ ಒತ್ತೊತ್ತಾಗಿ ತುಂಬಿ, ಕೆಲಸ ಮುಗಿದ ಮೇಲೆ ಕರಡಿಗೆಯೇ ಶಿಥಿಲವಾಗಿ ಕಣಗಳು ಚದರಿಹೋಗುವಂತೆ ಮಾಡಲು ಹೆಣಗುತ್ತಿದ್ದಾರೆ.